ಗುಂಜಿ ಲೆಕ್ಕ

ಕಾದ ಚಿನ್ನ ಅದ್ದುವ ಮಣ್ಣಿನ ಬೋಗುಣಿಗೆ ಮೂತಿಯಿಟ್ಟು
ಗುಂಜಿ ನೀರು ಕುಡಿಯುವುದನ್ನು ನಾನು ನೋಡಿದ್ದು
ಹೋದ ವರ್ಷ ಆಟಿಯಲ್ಲಿ.
ಹೊರಗೆ ಇಷ್ಟು ಸುರಿಯುವಾಗ
ಇದಕ್ಕೆ ಎಂಥ ಬಾಯಾರಿಕೆ ಎಂದು ನಕ್ಕಿದ್ದೆ.
ದಿನಕ್ಕೆರಡು ಸಲ ಬೋಗುಣಿ ಬರಿದಾಯಿತು.
ಬೆನ್ನುಮೂಳೆ ಕೈಗೆ ಸಿಗತೊಡಗಿತು,
ಸರದ ಕೊಂಡಿಗಳ ಹಾಗೆ, ಒಂದೊಂದೇ.

ಭವಂತಿ ಬೀದಿಯ ಗೋಣಿಗಳ ನಡುವೆ ಸಿಕ್ಕಾಗ
ಕಣ್ಣು ಬಿಟ್ಟಿರಲಿಲ್ಲ. ತಕ್ಕಡಿಯಲ್ಲಿಟ್ಟು ತೂಗಿದ್ದೆ:
ಹನ್ನೆರಡು ಪವನು, ಮೇಲೆ ಒಂದು ಗುಂಜಿ.
ಆ ಮೇಲಿನದೇ ಹೆಸರಾಯಿತು.

ಲವೀನಾ ಡಾಕ್ಟರು ಕಿವಿಯಂಚು ಚುಚ್ಚಿ
ಸಾಸಿವೆಯಷ್ಟು ರಕ್ತ ತೆಗೆದು, ನಾನೂರ ಹನ್ನೆರಡು ಎಂದರು.
ಅನ್ನ ಹಾಕ್ತೀರಾ?
ಬೂತಾಯಿ ಸಾರು ಕಲಸಿ, ಮೂರು ಹೊತ್ತು. ಸುಳ್ಳು ಹೇಳಲಿಲ್ಲ.
ಇನ್ನು ಬರೀ ಮೀನು, ಬರೀ ಕೋಳಿ.
ಹನ್ನೆರಡು ಗಂಟೆಗೊಮ್ಮೆ ಎರಡು ಯೂನಿಟ್, ತಿಂದ ಮೇಲೆಯೇ.
ಕೆಂಪು ಮುಚ್ಚಳದ ಸಿರಿಂಜು, ಕಿತ್ತಳೆಯದ್ದಲ್ಲ
ಎಂದು ಮೂರು ಸಲ ನನ್ನ ಬಾಯಿಂದಲೇ ಹೇಳಿಸಿದರು.

ಹಂಪನಕಟ್ಟೆಯ ಮೆಡಿಕಲಿನ ಹುಡುಗ ಕಿತ್ತಳೆಯದ್ದೇ ಕೊಟ್ಟ.
ಎರಡೂ ಒಂದೇ ಅಲ್ವಾ ಆಚಾರ್ರೇ?
ಇಪ್ಪತ್ತೆರಡು ಕ್ಯಾರೆಟ್ಟೂ ಹದಿನೆಂಟೂ ಒಂದೇ ಅನ್ನುವವನ ಹತ್ತಿರ
ನಿನ್ನ ಮದುವೆಯ ಒಡವೆ ಮಾಡಿಸಬೇಡ ಮಾರಾಯ, ಅಂದೆ.

ಬಾಟಲಿ ಕುಲುಕಬಾರದು,
ಅಂಗೈಗಳ ನಡುವೆ ಮೆಲ್ಲ ಹೊರಳಿಸಬೇಕು.
ಗುಳ್ಳೆ ಬಂದರೆ ಉಗುರಿನಿಂದ ತಟ್ಟಿ ತೆಗೆಯಬೇಕು.
ಎರಕದೊಳಗಿನ ಗುಳ್ಳೆ ಕಾಣುವುದಿಲ್ಲ,
ಇದು ಕಾಣುತ್ತದೆ, ಅಷ್ಟೇ ವಾಸಿ.
ಹೆಗಲ ಚರ್ಮ ಎತ್ತಿ ಹಿಡಿದು ಅದರ ಬುಡಕ್ಕೆ ಸೂಜಿ.
ನಲವತ್ತು ವರ್ಷ ಮೂಗುತಿಗೆ ಹರಳು ಕೂರಿಸಿದ ಕೈ
ಮೊದಲ ವಾರ ನಡುಗಿತು.

ವಾರಿಜ ಅಡಿಗೆಮನೆಯ ಬಾಗಿಲಿಂದ ನೋಡುತ್ತಿದ್ದಳು.
ನಮಗೆ ಮಾತಿರಲಿಲ್ಲ, ಸೋಣದಿಂದ.
ಅವಳ ಅಮ್ಮನ ಬಳೆ, ಒಂದು ಜೊತೆ,
ಗಿರಾಕಿಯೊಬ್ಬನ ಅವಸರಕ್ಕೆ ಕೇಳದೆ ಕರಗಿಸಿದ್ದೆ.
ತೂಕಕ್ಕೆ ತೂಕ ಕೊಡ್ತೇನಲ್ಲ, ಅಂದಿದ್ದೆ.
ತೂಕ, ಎಂದಳು ಒಂದು ಸಲ.
ಆಮೇಲೆ ಸಾರಿಗೆ ಉಪ್ಪು ಸಾಲದಿದ್ದರೆ
ನಾನೇ ಎದ್ದು ತಂದುಕೊಳ್ಳುತ್ತಿದ್ದೆ.

ಆ ಸಂಜೆ ಗಿರಾಕಿ ಬಿಡಲಿಲ್ಲ.
ಏಳೂವರೆಗೆ ಬೊಕ್ಕಪಟ್ಣ ತಲುಪಿ, ಕಾಲು ತೊಳೆದು,
ಮೊಸರಿನ ಪಕ್ಕದಿಂದ ಬಾಟಲಿ ತೆಗೆದು
ಎರಡು ಗೆರೆ ಎಳೆದು ಹಾಕಿದೆ.
ಅವಳು ಆರಕ್ಕೇ ಹಾಕಿದ್ದಳು.
ಯಾವಾಗ ಕಲಿತಳೋ, ನನಗೆ ತಿಳಿಯದು.
ಒಳಗೆ ದೂರದರ್ಶನದ ಸದ್ದು ಇತ್ತು,
ಅವಳು ಅಲ್ಲೇ ಇದ್ದಳು, ಹತ್ತು ಹೆಜ್ಜೆ.

ಹತ್ತು ಗಂಟೆಗೆ ಗುಂಜಿ
ಕಳ್ಳಂಗಡಿಯಿಂದ ಬಂದವನ ಹಾಗೆ ಗೋಡೆ ಹಿಡಿದು ನಡೆಯಿತು.
ಹಿಂಗಾಲು ಮಡಚಿತು. ಕಣ್ಣು ಪೂರ್ತಿ ಕಪ್ಪು.
ಮೀಟರಿನಲ್ಲಿ ಮೂವತ್ತೆಂಟು.
ನೀವೂ ಹಾಕಿದ್ರಾ?
ನಾಲ್ಕು ತಿಂಗಳ ಮೇಲಿನ ಮೊದಲ ಮಾತು, ಕಿರುಚಿದ್ದು.
ನೀನೂ ಹಾಕಿದ್ದಾ, ಎಂದು ನಾನು ಕೇಳುವಷ್ಟರಲ್ಲಿ
ಜೇನಿನ ಬಾಟಲಿ ಅವಳ ಕೈಯಲ್ಲಿತ್ತು.
ಬೆರಳಲ್ಲಿ ಒಸಡಿಗೆ ಸವರಿದಳು. ಹಲ್ಲು ತಾಗಿ ರಕ್ತ ಬಂತು,
ಅವಳದ್ದು. ಸೀರೆಯ ಸೆರಗಿಗೆ ಒರೆಸಿ ಮತ್ತೆ ಸವರಿದಳು.

ಡಾಕ್ಟರು ಫೋನಿನಲ್ಲೇ ಇದ್ದರು.
ಕಾಲು ಗಂಟೆಗೊಮ್ಮೆ ನಾನು ಕಿವಿ ಚುಚ್ಚಿದೆ,
ಅಂಗಡಿಯ ಹಳೇ ಕಡತದಲ್ಲಿ ಅವಳು ಬರೆದಳು:
ಐವತ್ತೊಂದು. ನಲವತ್ತಾರು, ಮತ್ತೆ ಇಳಿಯಿತು. ಜೇನು.
ಅರವತ್ತೆಂಟು.
ಅದೇ ಪುಟದ ಮೇಲ್ಗಡೆ ನನ್ನ ಅಕ್ಷರದಲ್ಲಿ
ಬಳೆ ಒಂದು ಜೊತೆ, ಮೂರು ಪವನು, ಎಂದಿತ್ತು.
ಅವಳು ಓದಿದಳು. ಕೆಳಗೆ ಗೆರೆ ಎಳೆದು ಬರೆಯುತ್ತಾ ಹೋದಳು.

ಬಂದರಿನಲ್ಲಿ ಬೋಟುಗಳ ಇಂಜಿನ್ ಶುರುವಾಗುವಾಗ ನೂರ ಮೂವತ್ತು.
ಗುಂಜಿ ಎದ್ದು ಬಂಗುಡೆ ಕೇಳಿತು.
ಬೆಳಗಿನದ್ದು ಹಾಕಬೇಡಿ, ಎಂದರು ಡಾಕ್ಟರು.
ಮುಂದೆ ಒಬ್ಬರೇ ಹಾಕಿ. ಇಲ್ಲದಿದ್ದರೆ ಮಾತಾಡಿ.

ಈಗ ದಿನಕ್ಕೆರಡು ಸಲ ಮಾತಾಡುತ್ತೇವೆ.
ತಿಂದಿತಾ? ಅರ್ಧ.
ಹಾಕಿದ್ರಾ? ಹಾಕಿದೆ.
ಎಷ್ಟು? ಒಂದೂವರೆ, ಕಮ್ಮಿ ಮಾಡಿದ್ದಾರಲ್ಲ.
ಬಳೆಯ ವಿಷಯ ಇನ್ನೂ ಬಂದಿಲ್ಲ.
ನಿನ್ನೆ ಮಾತ್ರ, ಸಿರಿಂಜಿನ ಮುಚ್ಚಳ ಹಾಕುತ್ತಾ,
ಸಾರಿಗೆ ಉಪ್ಪು ಸಾಕಾ, ಎಂದು ಕೇಳಿದಳು.
ಸ್ವಲ್ಪ ಜಾಸ್ತಿಯೇ ಇತ್ತು.
ಸಾಕು, ಅಂದೆ.